ಹಳೆಯ ಮೋಟಾರ್ ಸೈಕಲ್‌ನಲ್ಲಿ ಪೆಟ್ರೋಲ್ ವಾಸನೆ: ಮೂಲವನ್ನು ಪತ್ತೆ ಹಚ್ಚುವ ಕ್ರಮ ಮತ್ತು ಮುನ್ನೆಚ್ಚರಿಕೆಗಳು

ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ಭಾಗದ ರೈತ ಕುಟುಂಬಗಳಲ್ಲಿ ಮೋಟಾರ್ ಸೈಕಲ್ ಇಂದು ಒಂದು ಕೃಷಿ ಪರಿಕರವೇ ಆಗಿದೆ. ಬಿತ್ತನೆ ಬೀಜ, ಯೂರಿಯಾ ಚೀಲ, ಹಾಲಿನ ಕ್ಯಾನ್, ಹಸಿರು ಮೇವಿನ ಹೊರೆ, ಸ್ಪ್ರೇಯರ್, ಕೀಟನಾಶಕದ ಬಾಟಲಿ ಇವೆಲ್ಲವೂ ಅದರ ಮೇಲೆಯೇ ಸಾಗುತ್ತವೆ. ನಾಲೆಯ ಏರಿ ಮತ್ತು ಕೆಸರಿನ ದಾರಿಯಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದ ವಾಹನಗಳು ಇಲ್ಲಿ ಸಾಮಾನ್ಯ. ಇಂತಹ ವಾಹನಗಳಲ್ಲಿ ಪದೇ ಪದೇ ಕಂಡುಬರುವ ತೊಂದರೆಯೆಂದರೆ, ಎಲ್ಲಿಂದ ಬರುತ್ತಿದೆಯೆಂದು ತಿಳಿಯದ ಪೆಟ್ರೋಲ್ ವಾಸನೆ.

ಭೇರ್ಯದ ಸಮೀಪದ ಗ್ರಾಮವೊಂದಕ್ಕೆ ಭತ್ತದ ಬೆಳೆ ವೀಕ್ಷಣೆಗೆ ತೆರಳಿದ್ದಾಗ ರೈತರೊಬ್ಬರು ಬೆಳೆಯ ಮಾತು ಮುಗಿದ ಮೇಲೆ, "ಸಾರ್, ಬೆಳೆ ರೋಗ ನೋಡಿದ್ರಿ, ನಮ್ಮ ಗಾಡಿ ರೋಗಾನೂ ಒಂದ್ಸಲ ನೋಡಿ" ಎಂದರು. ಪ್ರತಿದಿನ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆರೆದೊಡನೆ ಪೆಟ್ರೋಲ್ ವಾಸನೆ ಬರುತ್ತಿತ್ತು. ನೆಲದ ಮೇಲೆ ಒಂದು ಹನಿಯೂ ಇರುತ್ತಿರಲಿಲ್ಲ. ಅವರು ಪೆಟ್ರೋಲ್ ಪೈಪ್ ಬದಲಿಸಿದ್ದರು, ಟ್ಯಾಂಕಿನ ಮುಚ್ಚಳದ ವಾಷರ್ ಬದಲಿಸಿದ್ದರು. ವಾಸನೆ ಮಾತ್ರ ಹೋಗಿರಲಿಲ್ಲ. ವಾಹನ ನಿಲ್ಲುತ್ತಿದ್ದ ಸ್ಥಳದಿಂದ ಕೆಲವೇ ಅಡಿ ದೂರದಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಇತ್ತು. ಇನ್ನು ಕೆಲವು ವಾರಗಳಲ್ಲಿ ಅದರ ಒಲೆಗೆ ಬೆಂಕಿ ಹಾಕುವವರಿದ್ದರು.

ನಾನು ಬೇಸಾಯ ಶಾಸ್ತ್ರದವನು. ವಾಹನ ದುರಸ್ತಿ ನನ್ನ ವೃತ್ತಿಯಲ್ಲ. ಆದರೆ ರೋಗನಿದಾನದ ನಿಯಮ ಬೆಳೆಗೂ ಯಂತ್ರಕ್ಕೂ ಒಂದೇ. ಎಲೆ ಹಳದಿಯಾದೊಡನೆ ಯೂರಿಯಾ ಎರಚುವುದು ಸರಿಯಲ್ಲ. ಸಾರಜನಕದ ಕೊರತೆಯೋ, ಕಬ್ಬಿಣದ ಕೊರತೆಯೋ, ಬೇರಿನಲ್ಲಿ ನೀರು ನಿಂತಿರುವುದೋ ಎಂದು ಮೊದಲು ತಿಳಿಯಬೇಕು. ಹಾಗೆಯೇ ವಾಸನೆ ಬಂದೊಡನೆ ಒಂದೊಂದೇ ಬಿಡಿಭಾಗ ಬದಲಿಸುತ್ತ ಹೋದರೆ ಹಣ ವೆಚ್ಚವಾಗುತ್ತದೆಯೇ ಹೊರತು ಮೂಲ ಸಿಗುವುದಿಲ್ಲ. ಈ ಲೇಖನದಲ್ಲಿ ಮೂಲವನ್ನು ಕ್ರಮವಾಗಿ ಹುಡುಕುವ ವಿಧಾನವನ್ನು ವಿವರಿಸಲಾಗಿದೆ. ಮೇಲೆ ಹೇಳಿದ ರೈತರ ವಾಹನದಲ್ಲಿ ದೊರೆತ ಕಾರಣವೂ ಈ ಕ್ರಮದಿಂದಲೇ ತಿಳಿದುಬಂದಿತು.

ವಾಸನೆಯನ್ನು ಏಕೆ ಲಘುವಾಗಿ ಪರಿಗಣಿಸಬಾರದು?

ವಾಸನೆಯೆಂದರೆ ಗಾಳಿಯಲ್ಲಿ ಬೆರೆತ ಪೆಟ್ರೋಲ್ ಆವಿ. ಸೀಮೆಎಣ್ಣೆಯು ಬೆಂಕಿ ತಗುಲಿ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡಬೇಕಾದರೆ ಅದರ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಮೀರಬೇಕು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಅಷ್ಟು ಆವಿಯನ್ನು ಬಿಡುತ್ತದೆ. ಅಂದರೆ ನಮ್ಮ ಹವಾಮಾನದಲ್ಲಿ ಅದು ವರ್ಷದ ಎಲ್ಲ ಕಾಲದಲ್ಲಿಯೂ ಹೊತ್ತಿಕೊಳ್ಳಲು ಸಿದ್ಧವಾಗಿರುವ ವಸ್ತು. ಗಾಳಿಯಲ್ಲಿ ಅದರ ಆವಿಯ ಪ್ರಮಾಣ ಶೇ. 1.4 ರಿಂದ 7.6 ರಷ್ಟಿದ್ದಾಗ ಒಂದು ಕಿಡಿ ಸಾಕು.

ಪೆಟ್ರೋಲ್ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಹೊಗೆಯಂತೆ ಮೇಲಕ್ಕೆ ಏರುವುದಿಲ್ಲ. ನೀರಿನಂತೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಾಡದ ಕೊಟ್ಟಿಗೆಯಲ್ಲಿ ರಾತ್ರಿಯಿಡೀ ಸೇರಿದ ಆವಿಯು ಬಾಗಿಲಿನ ಸಂದಿನಿಂದ ಹೊರಟು ದೂರದ ಒಲೆಯನ್ನು ತಲುಪಬಲ್ಲದು. ಹೊಗೆಸೊಪ್ಪಿನ ಬ್ಯಾರನ್‌ನ ಒಲೆಯ ಬಾಯಿ ಇರುವುದು ನೆಲದ ಮಟ್ಟದಲ್ಲಿ. ಹದ ಮಾಡುವ ದಿನಗಳಲ್ಲಿ ಅದು ಹಗಲಿರುಳು ಉರಿಯುತ್ತದೆ. ಕೊನೆಯ ಹಂತದಲ್ಲಿ ಬ್ಯಾರನ್‌ನ ಒಳಗಿನ ಉಷ್ಣತೆ ಸುಮಾರು 70 ಡಿಗ್ರಿ ಸೆಲ್ಸಿಯಸ್ ತಲುಪಿರುತ್ತದೆ. ಒಳಗೆ ಒಣಗಿದ ಸೊಪ್ಪು, ಹೊರಗೆ ಸೌದೆಯ ರಾಶಿ. ಇಂತಹ ಸ್ಥಳದ ಪಕ್ಕದಲ್ಲಿ ಪೆಟ್ರೋಲ್ ಸೋರುವ ವಾಹನವನ್ನು ನಿಲ್ಲಿಸುವುದು ವರ್ಷದ ದುಡಿಮೆಯನ್ನೇ ಅಪಾಯಕ್ಕೆ ಒಡ್ಡಿದಂತೆ. ನೀರು ಕಾಯಿಸುವ ಹಂಡೆಯ ಒಲೆ, ಕೊಟ್ಟಿಗೆಯಲ್ಲಿ ಸೊಳ್ಳೆಗಾಗಿ ಹಾಕುವ ಹೊಗೆ, ದೇವರ ದೀಪ, ಬೀಡಿ ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನೊಂದು ವಿಷಯವನ್ನು ಗಮನಿಸಬೇಕು. ನಮ್ಮ ಮೂಗು ಅತ್ಯಲ್ಪ ಪ್ರಮಾಣದ ಪೆಟ್ರೋಲ್ ಆವಿಯನ್ನೂ ಗುರುತಿಸುತ್ತದೆ. ಆದರೆ ಕೆಲವೇ ನಿಮಿಷಗಳಲ್ಲಿ ಅದಕ್ಕೆ ಒಗ್ಗಿಹೋಗುತ್ತದೆ. ದಿನವೂ ಆ ವಾಹನ ಓಡಿಸುವವರಿಗೆ ವಾಸನೆ "ಕಡಿಮೆಯಾದಂತೆ" ಅನ್ನಿಸುವುದು ಇದರಿಂದಲೇ. ಆದ್ದರಿಂದ ಹೊರಗಿನಿಂದ ಬಂದವರ ಮೂಗನ್ನು ನಂಬಿರಿ.

ಹುಡುಕಲು ಆರಂಭಿಸುವ ಮುನ್ನ

1. ಮೂಲ ತಿಳಿಯುವವರೆಗೆ ವಾಹನವನ್ನು ಮನೆ, ಕೊಟ್ಟಿಗೆ, ಬ್ಯಾರನ್ ಮತ್ತು ಹುಲ್ಲಿನ ಮೆದೆಯಿಂದ ದೂರ, ಬಯಲಿನ ನೆರಳಿನಲ್ಲಿ ನಿಲ್ಲಿಸಿರಿ.
2. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಹಗಲು ಬೆಳಕಿನಲ್ಲಿ ಪರೀಕ್ಷಿಸಿರಿ. ಬೆಂಕಿಕಡ್ಡಿ, ದೀಪ ಅಥವಾ ಲೈಟರ್ ಬೆಳಕಿನಲ್ಲಿ ನೋಡುವುದು ಪ್ರಾಣಾಪಾಯಕಾರಿ.
3. ವಾಹನವನ್ನು ಡಬಲ್ ಸ್ಟ್ಯಾಂಡ್ ಹಾಕಿ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿರಿ.
4. ಟ್ಯಾಂಕಿನ ಕೆಳಭಾಗ, ಕಾರ್ಬೊರೇಟರ್ ಮತ್ತು ಎಂಜಿನ್ ಮೇಲಿನ ಕೆಸರು, ಎಣ್ಣೆ, ಧೂಳನ್ನು ತೊಳೆದು ಒಣಗಿಸಿರಿ. ಕೊಳೆಯ ಮೇಲೆ ಹೊಸ ಸೋರಿಕೆ ಕಾಣುವುದಿಲ್ಲ.
5. ಎರಡು ಬಕೆಟ್ ಒಣ ಮರಳು ಅಥವಾ ಪುಡಿಮಣ್ಣನ್ನು ಪಕ್ಕದಲ್ಲಿ ಇಟ್ಟುಕೊಳ್ಳಿರಿ. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ.

ಮೊದಲ ಪ್ರಶ್ನೆ: ವಾಸನೆ ಯಾವಾಗ ಬರುತ್ತದೆ?

ಕೀಟದ ಹಾವಳಿಯನ್ನು ಗುರುತಿಸುವಾಗ ಅದು ಯಾವ ಹಂತದಲ್ಲಿ, ದಿನದ ಯಾವ ಹೊತ್ತಿನಲ್ಲಿ ಕಾಣುತ್ತದೆ ಎಂದು ಕೇಳುತ್ತೇವೆ. ವಾಹನದ ವಿಷಯದಲ್ಲಿಯೂ ಸಮಯವೇ ಮೊದಲ ಸುಳಿವು. ಮೂರು ನಾಲ್ಕು ದಿನ ಗಮನಿಸಿ ಬರೆದಿಟ್ಟುಕೊಳ್ಳಿರಿ.

• ಪೆಟ್ರೋಲ್ ತುಂಬಿಸಿದ ದಿನ ಅಥವಾ ಬಿಸಿಲಿನಲ್ಲಿ ನಿಂತಾಗ ಮಾತ್ರ ಬಂದರೆ: ಟ್ಯಾಂಕಿನ ಮುಚ್ಚಳ.
• ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿದಾಗ ಬಂದರೆ: ತೆರೆದೇ ಬಿಟ್ಟ ಪೆಟ್ರೋಲ್ ಕಾಕ್ ಮತ್ತು ಕಾರ್ಬೊರೇಟರ್‌ನ ಫ್ಲೋಟ್ ಸೂಜಿ.
• ಸೈಡ್ ಸ್ಟ್ಯಾಂಡ್ ಹಾಕಿದಾಗ ಮಾತ್ರ ಬಂದರೆ: ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಮಟ್ಟ ಹೆಚ್ಚಿರುವುದು ಅಥವಾ ಮುಚ್ಚಳದ ವಾಷರ್ ಸವೆದಿರುವುದು.
• ಎಂಜಿನ್ ಓಡುವಾಗ ಮಾತ್ರ, ಹೊಗೆಯೊಂದಿಗೆ ಬಂದರೆ: ಪೂರ್ತಿ ಬಿಡದ ಚೋಕ್, ಧೂಳು ಕಟ್ಟಿದ ಏರ್ ಫಿಲ್ಟರ್. ಸ್ಪಾರ್ಕ್ ಪ್ಲಗ್ ಮಸಿಯಂತೆ ಕಪ್ಪಾಗಿದ್ದರೆ ಇದು ಖಚಿತವಾಗುತ್ತದೆ.
• ಸದಾಕಾಲ ಬಂದರೆ: ಟ್ಯಾಂಕಿನ ಬೆಸುಗೆ, ಕಾಕ್‌ನ ವಾಷರ್, ಪೆಟ್ರೋಲ್ ಪೈಪ್.
• ಔಷಧಿ ಸಿಂಪರಣೆಯ ದಿನಗಳಲ್ಲಿ ಮಾತ್ರ ಬಂದರೆ: ಮೂಲವು ವಾಹನದ್ದಲ್ಲದಿರಬಹುದು. ಇದನ್ನು ಮುಂದೆ ಪ್ರತ್ಯೇಕವಾಗಿ ವಿವರಿಸಲಾಗಿದೆ.

ಎರಡನೆಯ ಹೆಜ್ಜೆ: ಕಾಕ್ ಪರೀಕ್ಷೆ

ಇದು ಖರ್ಚಿಲ್ಲದ, ಆದರೆ ಅತ್ಯಂತ ಉಪಯುಕ್ತವಾದ ಪರೀಕ್ಷೆ. ಟ್ಯಾಂಕಿನ ಕೆಳಗಿರುವ ಪೆಟ್ರೋಲ್ ಕಾಕ್ ಇಡೀ ಇಂಧನ ಮಾರ್ಗವನ್ನು ಎರಡು ಭಾಗ ಮಾಡುತ್ತದೆ. ಒಂದು ರಾತ್ರಿ ಕಾಕ್ ಅನ್ನು ಆಫ್ ಸ್ಥಾನಕ್ಕೆ ತಿರುಗಿಸಿ ವಾಹನವನ್ನು ಹೊರಗೆ ನಿಲ್ಲಿಸಿರಿ. ಬೆಳಿಗ್ಗೆ ವಾಸನೆ ಇಲ್ಲವಾದರೆ ದೋಷವು ಕಾಕ್‌ನ ಕೆಳಗೆ, ಅಂದರೆ ಪೈಪ್ ಅಥವಾ ಕಾರ್ಬೊರೇಟರ್‌ನಲ್ಲಿದೆ. ವಾಸನೆ ಮೊದಲಿನಂತೆಯೇ ಇದ್ದರೆ ಟ್ಯಾಂಕ್, ಮುಚ್ಚಳ ಅಥವಾ ಕಾಕ್‌ನಲ್ಲಿಯೇ ದೋಷವಿದೆ. ಒಂದೇ ರಾತ್ರಿಯಲ್ಲಿ ಅರ್ಧದಷ್ಟು ಶಂಕೆ ನಿವಾರಣೆಯಾಗುತ್ತದೆ. ಖಚಿತಪಡಿಸಿಕೊಳ್ಳಲು ಮರುದಿನ ರಾತ್ರಿ ಕಾಕ್ ತೆರೆದಿಟ್ಟು ಹೋಲಿಸಿ ನೋಡಿರಿ.

ಬಹುಪಾಲು ರೈತರು ಕಾಕ್ ಅನ್ನು ರಿಸರ್ವ್‌ಗೆ ತಿರುಗಿಸುವಾಗ ಮಾತ್ರ ಮುಟ್ಟುತ್ತಾರೆ. ವರ್ಷಗಟ್ಟಲೆ ಆಫ್ ಮಾಡದ ಕಾಕ್‌ನ ಒಳಗಿನ ರಬ್ಬರ್ ಗಟ್ಟಿಯಾಗಿ, ಆಫ್ ಮಾಡಿದರೂ ಪೆಟ್ರೋಲ್ ಜಿನುಗಬಹುದು. ಹಾಗಾದಲ್ಲಿ ಮೊದಲು ಕಾಕ್ ದುರಸ್ತಿ ಮಾಡಿಸಿ ನಂತರ ಈ ಪರೀಕ್ಷೆ ಕೈಗೊಳ್ಳಬೇಕು.

ಮೂರನೆಯ ಹೆಜ್ಜೆ: ಮೇಲಿನಿಂದ ಕೆಳಕ್ಕೆ ಪರಿಶೀಲನೆ

ಪೆಟ್ರೋಲ್ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಹನಿ ಕಂಡ ಸ್ಥಳವೇ ಸೋರುವ ಸ್ಥಳವಲ್ಲ. ಅದಕ್ಕಿಂತ ಮೇಲೆ ಎಲ್ಲೋ ಮೂಲವಿರುತ್ತದೆ. ಸಣ್ಣ ಸೋರಿಕೆಯಾದರೆ ಪೆಟ್ರೋಲ್ ಹನಿಯಾಗುವ ಮೊದಲೇ ಆವಿಯಾಗಿ ಹೋಗುತ್ತದೆ. ಅಂತಹ ಕಡೆ ಕಂದು ಬಣ್ಣದ ಅಂಟು ಕಲೆ ಉಳಿದಿರುತ್ತದೆ, ಅಥವಾ ಧೂಳು ಒಂದೇ ಗೆರೆಯಲ್ಲಿ ಅಂಟಿರುತ್ತದೆ. ಶಂಕೆಯಿರುವ ಜೋಡಣೆಯ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿ ಒಂದು ಗಂಟೆ ಬಿಟ್ಟರೆ, ಜಿನುಗುವ ಕಡೆ ಪೌಡರ್ ಒದ್ದೆಯಾಗಿ ಬಣ್ಣ ಬದಲಾಗುತ್ತದೆ. ನ್ಯೂಸ್‌ಪೇಪರ್ ತುಂಡನ್ನು ಪೈಪಿನ ತುದಿಗೆ ಸುತ್ತಿಯೂ ಪರೀಕ್ಷಿಸಬಹುದು.

ಟ್ಯಾಂಕಿನ ಮುಚ್ಚಳ: ಬಂಕ್‌ನ ನೆಲದಡಿಯ ಟ್ಯಾಂಕಿನಿಂದ ಬರುವ ಪೆಟ್ರೋಲ್ ತಂಪಾಗಿರುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಪೆಟ್ರೋಲ್ ಸುಮಾರು ಸಾವಿರದಲ್ಲಿ ಒಂದು ಪಾಲು ಹಿಗ್ಗುತ್ತದೆ. ಹತ್ತು ಲೀಟರ್ ತುಂಬಿಸಿದ ವಾಹನವನ್ನು ಹೊಲದ ಬದುವಿನ ಬಿಸಿಲಿನಲ್ಲಿ ನಿಲ್ಲಿಸಿ, ಉಷ್ಣತೆ 20 ಡಿಗ್ರಿ ಏರಿತೆಂದರೆ ಸುಮಾರು 200 ಮಿ.ಲೀ. ಹೆಚ್ಚಾಗುತ್ತದೆ. ಗಂಟಲಿನವರೆಗೆ ತುಂಬಿಸಿದ್ದರೆ ಅದು ಮುಚ್ಚಳದಿಂದ ಹೊರಬರಲೇಬೇಕು. ಆದ್ದರಿಂದ ಗಂಟಲಿನ ಕೆಳಗೆ ಎರಡು ಬೆರಳು ಜಾಗ ಬಿಟ್ಟು ತುಂಬಿಸಿರಿ. ಮುಚ್ಚಳದ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಿರಿ. ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ವಾಸನೆ ತಡೆಯಲು ಅದನ್ನು ಮುಚ್ಚಬಾರದು. ಮುಚ್ಚಿದರೆ ಎಂಜಿನ್‌ಗೆ ಪೆಟ್ರೋಲ್ ಇಳಿಯದೆ ವಾಹನ ದಾರಿಯಲ್ಲಿ ನಿಲ್ಲುತ್ತದೆ.

ಟ್ಯಾಂಕಿನ ತಳ: ಟ್ಯಾಂಕಿನ ಒಳಗೆ ಸೇರಿದ ನೀರು ಅತ್ಯಂತ ತಗ್ಗಿನ ಬೆಸುಗೆಯ ಅಂಚಿನಲ್ಲಿ ನಿಂತು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಹೊರಗೆ ಬಣ್ಣ ಉಬ್ಬಿದಂತೆ ಕಂಡರೆ ಅಲ್ಲಿ ಸೂಜಿಮೊನೆಯಷ್ಟು ರಂಧ್ರ ಬಿದ್ದಿರುವ ಸಾಧ್ಯತೆಯಿದೆ. ಸಾಬೂನು ತಿಕ್ಕಿ ಮುಚ್ಚುವ ರೂಢಿ ನಮ್ಮಲ್ಲಿದೆ. ಅದು ವರ್ಕ್‌ಶಾಪ್ ತಲುಪುವವರೆಗಿನ ಉಪಾಯ ಮಾತ್ರ.

ಪೆಟ್ರೋಲ್ ಪೈಪ್: ಎರಡು ತುದಿಗಳಲ್ಲಿ ಪೈಪನ್ನು ಮೆಲ್ಲಗೆ ಬಾಗಿಸಿ ನೋಡಿರಿ. ಸೂಕ್ಷ್ಮ ಬಿರುಕುಗಳು ನೇರವಾಗಿದ್ದಾಗ ಕಾಣದೆ, ಬಾಗಿಸಿದಾಗ ಮಾತ್ರ ತೆರೆದುಕೊಳ್ಳುತ್ತವೆ. ತುದಿಯ ಕ್ಲಿಪ್ ಸಡಿಲವಾಗಿದ್ದರೆ ಹೊಸದು ಹಾಕಿರಿ. ನೀರಿನ ಪೈಪ್ ಅಥವಾ ಸ್ಪ್ರೇಯರ್‌ನ ಪೈಪಿನ ತುಂಡನ್ನು ಎಂದಿಗೂ ಬಳಸಬಾರದು. ಪೆಟ್ರೋಲ್‌ನಲ್ಲಿ ಅದು ಉಬ್ಬಿ ಮೆತ್ತಗಾಗುತ್ತದೆ ಅಥವಾ ಗಟ್ಟಿಯಾಗಿ ಸೀಳುತ್ತದೆ.

ಕಾರ್ಬೊರೇಟರ್: ಇದರ ತಳದಲ್ಲಿ ಸಣ್ಣ ಬಟ್ಟಲೊಂದಿದೆ. ಅದರಲ್ಲಿ ತೇಲುವ ಫ್ಲೋಟ್, ಪೆಟ್ರೋಲ್ ಮಟ್ಟ ಏರಿದಂತೆ ಮೇಲೆದ್ದು ಒಂದು ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ. ಮನೆಯ ಮೇಲಿನ ನೀರಿನ ತೊಟ್ಟಿಯ ಬಾಲ್ ವಾಲ್ವ್ ಕೆಲಸ ಮಾಡುವುದೂ ಹೀಗೆಯೇ. ಸೂಜಿಯ ತುದಿ ಸವೆದರೆ, ತುಕ್ಕಿನ ಕಣ ಸಿಕ್ಕಿಕೊಂಡರೆ ಅಥವಾ ಫ್ಲೋಟ್ ತೂತಾದರೆ ದಾರಿ ಮುಚ್ಚುವುದಿಲ್ಲ. ಹೆಚ್ಚಾದ ಪೆಟ್ರೋಲ್ ಹೊರಹೋಗಲೆಂದು ಬಟ್ಟಲಿನಿಂದ ಒಂದು ತೆಳುವಾದ ಓವರ್‌ಫ್ಲೋ ಪೈಪನ್ನು ಕೆಳಕ್ಕೆ ಬಿಟ್ಟಿರುತ್ತಾರೆ. ಅದರ ತುದಿ ಒದ್ದೆಯಾಗಿದ್ದರೆ ಕಾರಣ ಸಿಕ್ಕಂತೆಯೇ. ಬಟ್ಟಲಿನ ತಳದ ತಿರುಪನ್ನು ಸಡಿಲಿಸಿ ಪೆಟ್ರೋಲನ್ನು ಸ್ಟೀಲ್ ಲೋಟಕ್ಕೆ ಇಳಿಸಿ ನೋಡಿರಿ; ತಳದಲ್ಲಿ ನೀರಿನ ಗುಳ್ಳೆ ಅಥವಾ ತುಕ್ಕಿನ ಪುಡಿ ಕಂಡರೆ ಟ್ಯಾಂಕನ್ನೂ ಸ್ವಚ್ಛಗೊಳಿಸಬೇಕು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961 ರಿಂದ 1996 ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ವಾಹನಗಳನ್ನು ಈ ಭಾಗದಲ್ಲಿ ಇಂದಿಗೂ ಕೆಲವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಹಳೆಯ ಜಾವಾಗಳ ಕಾರ್ಬೊರೇಟರ್‌ನಲ್ಲಿ ತಣ್ಣನೆಯ ಎಂಜಿನ್ ಚಾಲೂ ಮಾಡುವ ಮೊದಲು ಒತ್ತುವ ಟಿಕ್ಲರ್ ಗುಂಡಿ ಇರುತ್ತದೆ. ಅದನ್ನು ಒತ್ತಿದಾಗ ಪೆಟ್ರೋಲ್ ತುಸು ಉಕ್ಕುವುದು ಸಹಜ, ದೋಷವಲ್ಲ. ಆದರೆ ಬೆರಳು ತೆಗೆದ ಮೇಲೂ ಉಕ್ಕುತ್ತಿದ್ದರೆ ಫ್ಲೋಟ್ ಪರೀಕ್ಷಿಸಬೇಕು. ಹಿತ್ತಾಳೆಯ ಫ್ಲೋಟ್ ಆಗಿದ್ದರೆ ಹೊರತೆಗೆದು ಕಿವಿಯ ಬಳಿ ಅಲ್ಲಾಡಿಸಿರಿ. ಒಳಗೆ ದ್ರವದ ಸದ್ದು ಕೇಳಿದರೆ ಅದು ತೂತಾಗಿ ಪೆಟ್ರೋಲ್ ತುಂಬಿ ಮುಳುಗುತ್ತಿದೆ ಎಂದರ್ಥ.

2020 ರ ಏಪ್ರಿಲ್ 1 ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮಗಳ ನಂತರದ ವಾಹನಗಳಲ್ಲಿ ಬಹುಪಾಲು ಕಾರ್ಬೊರೇಟರ್ ಇರುವುದಿಲ್ಲ. ಪಂಪ್ ಒತ್ತಡದಲ್ಲಿ ಪೆಟ್ರೋಲ್ ಹರಿಯುತ್ತದೆ. ಅವುಗಳ ಪೈಪನ್ನು ಸ್ವತಃ ಬಿಚ್ಚದೆ ಸರ್ವೀಸ್ ಕೇಂದ್ರಕ್ಕೆ ಒಯ್ಯಬೇಕು.

ಹನಿಯೇ ಕಾಣದಿದ್ದರೆ ಎಂಜಿನ್ ಆಯಿಲ್ ನೋಡಿರಿ

ಮೊದಲು ಹೇಳಿದ ಭೇರ್ಯ ಭಾಗದ ರೈತರ ವಿಷಯಕ್ಕೆ ಮರಳೋಣ. ಕಾಕ್ ಆಫ್ ಮಾಡಿಟ್ಟ ರಾತ್ರಿಯ ಮರುದಿನ ವಾಸನೆ ಇರಲಿಲ್ಲ. ತೆರೆದಿಟ್ಟ ರಾತ್ರಿಯ ಮರುದಿನ ಇತ್ತು. ಹಾಗಾದರೆ ದೋಷ ಕಾಕ್‌ನ ಕೆಳಗಿದೆ. ಪೈಪ್ ಹೊಸದು. ಉಳಿದದ್ದು ಕಾರ್ಬೊರೇಟರ್. ಅದು ಉಕ್ಕುತ್ತಿದ್ದರೆ ಓವರ್‌ಫ್ಲೋ ಪೈಪಿನಿಂದ ನೆಲಕ್ಕೆ ಹನಿಯಬೇಕಿತ್ತು, ಹನಿದಿರಲಿಲ್ಲ. ಊರಿನ ಮೆಕ್ಯಾನಿಕ್ ಆ ಪೈಪನ್ನು ಕಿತ್ತು ನೋಡಿದಾಗ ಅದರ ತುದಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಹೊರಹೋಗುವ ದಾರಿ ಮುಚ್ಚಿದ್ದರಿಂದ ಉಕ್ಕಿದ ಪೆಟ್ರೋಲ್ ಒಳಕ್ಕೆ ಇಳಿದಿತ್ತು.

ನೂರು ಸಿ.ಸಿ.ಯ ಹಲವು ವಾಹನಗಳಲ್ಲಿ ಸಿಲಿಂಡರ್ ಬಹುತೇಕ ಅಡ್ಡಲಾಗಿ ಮಲಗಿದಂತಿದ್ದು, ಕಾರ್ಬೊರೇಟರ್ ಅದರ ಮೇಲಿರುತ್ತದೆ. ಉಕ್ಕಿದ ಪೆಟ್ರೋಲ್ ಇಳಿಜಾರಿನಲ್ಲಿ ಸಿಲಿಂಡರ್ ಸೇರಿ, ಪಿಸ್ಟನ್ ರಿಂಗ್‌ಗಳ ಸಂದಿನಿಂದ ಎಂಜಿನ್ ಆಯಿಲ್‌ಗೆ ಬೆರೆಯುತ್ತದೆ. ಆಯಿಲ್ ಅಳೆಯುವ ಕಡ್ಡಿ ತೆಗೆದು ನೋಡಿದಾಗ ಮಟ್ಟವು ಮೇಲಿನ ಗೆರೆಯನ್ನೂ ದಾಟಿತ್ತು. ಹಾಕದೆಯೇ ಹೆಚ್ಚಾಗುವ ಆಯಿಲ್ ಎಂದರೆ ಅದರಲ್ಲಿ ಬೇರೇನೋ ಬೆರೆತಿದೆ ಎಂದೇ ಅರ್ಥ. ಬೆರಳಿಗೆ ತಾಕಿಸಿದರೆ ನೀರಿನಂತೆ ತೆಳು, ಮೂಸಿದರೆ ಪೆಟ್ರೋಲ್.

ಇದು ಅತ್ಯಂತ ಹಾನಿಕಾರಕ ಸ್ಥಿತಿ. ಇಂತಹ ಎಂಜಿನ್‌ನಲ್ಲಿರುವುದೇ ಒಂದು ಲೀಟರಿಗೂ ಕಡಿಮೆ ಆಯಿಲ್. ಅದು ತೆಳುವಾದರೆ ಜಾರುವ ಗುಣ ಕಳೆದುಕೊಂಡು ಪಿಸ್ಟನ್, ಬೇರಿಂಗ್‌ಗಳು ಬೇಗನೆ ಸವೆಯುತ್ತವೆ. ಅಲ್ಲದೆ ಎಂಜಿನ್ ಬಿಸಿಯಾದಾಗ ಆಯಿಲ್‌ನಲ್ಲಿರುವ ಪೆಟ್ರೋಲ್ ಆವಿಯಾಗಿ ಎಂಜಿನ್ ಒಳಗೇ ಸೇರಿಕೊಳ್ಳುತ್ತದೆ. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಚಾಲೂ ಮಾಡಲೇಬಾರದು. ಮೊದಲು ಸೂಜಿ ಬದಲಿಸಿ, ಓವರ್‌ಫ್ಲೋ ಪೈಪ್ ಸ್ವಚ್ಛಗೊಳಿಸಿ, ಹಳೆಯ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಬೇಕು. ಸೂಜಿ ಬದಲಿಸದೆ ಆಯಿಲ್ ಮಾತ್ರ ಬದಲಿಸಿದರೆ ಕೆಲವೇ ದಿನಗಳಲ್ಲಿ ಅದೂ ಕೆಡುತ್ತದೆ. ಆ ರೈತರು ಮೊದಲು ಬದಲಿಸಿದ್ದ ಪೈಪ್ ಮತ್ತು ವಾಷರ್‌ಗಳಲ್ಲಿ ದೋಷವೇ ಇರಲಿಲ್ಲ. ಬೇಕಾಗಿದ್ದುದು ಒಂದು ಸಣ್ಣ ಸೂಜಿ ಮತ್ತು ರಾತ್ರಿ ಕಾಕ್ ಆಫ್ ಮಾಡುವ ಅಭ್ಯಾಸ.

ವಾಸನೆ ಪೆಟ್ರೋಲ್‌ನದ್ದೇ? ಕೀಟನಾಶಕದ್ದಿರಬಹುದು

ರೈತರ ವಾಹನಗಳಲ್ಲಿ ಮಾತ್ರ ಕಂಡುಬರುವ ಕಾರಣವೊಂದಿದೆ. ಇ.ಸಿ. ರೂಪದ ಕೀಟನಾಶಕ ಮತ್ತು ಶಿಲೀಂಧ್ರನಾಶಕಗಳಲ್ಲಿ ಔಷಧಿಯ ಅಂಶವನ್ನು ಕರಗಿಸಲು ಪೆಟ್ರೋಲಿಯಂ ಮೂಲದ ದ್ರಾವಕಗಳನ್ನು ಬಳಸಿರುತ್ತಾರೆ. ಕ್ಲೋರ್‌ಪೈರಿಫಾಸ್ 20 ಇ.ಸಿ., ಲ್ಯಾಂಬ್ಡಾ ಸೈಹೆಲೋಥ್ರಿನ್ 5 ಇ.ಸಿ., ಪ್ರೊಪಿಕೊನಜೋಲ್ 25 ಇ.ಸಿ. ಇವು ಪರಿಚಿತ ಉದಾಹರಣೆಗಳು. ಇವುಗಳ ವಾಸನೆ ಪೆಟ್ರೋಲ್ ಅಥವಾ ಸೀಮೆಎಣ್ಣೆಯನ್ನು ಹೋಲುತ್ತದೆ. ಸೈಡ್ ಬಾಕ್ಸ್ ಅಥವಾ ಚೀಲದಲ್ಲಿಟ್ಟ ಬಾಟಲಿಯ ಮುಚ್ಚಳ ಸಡಿಲವಾಗಿ ಸೋರಿದರೆ, ವಾಹನದ ಪೆಟ್ರೋಲ್ ಸೋರುತ್ತಿದೆಯೆಂದೇ ಭಾವಿಸುತ್ತೇವೆ.

ಗುರುತಿಸುವುದು ಸುಲಭ. ಕೈಗವಸು ಧರಿಸಿ, ಒದ್ದೆಯಾದ ಸ್ಥಳವನ್ನು ಹಳೆಯ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಸ್ವಲ್ಪ ನೀರಿನಲ್ಲಿ ಅದ್ದಿರಿ. ನೀರು ಹಾಲಿನಂತೆ ಬೆಳ್ಳಗಾದರೆ ಅದು ಇ.ಸಿ. ಔಷಧಿ. ಪೆಟ್ರೋಲ್ ಆಗಿದ್ದರೆ ನೀರಿನ ಮೇಲೆ ಬಣ್ಣ ಬಣ್ಣದ ತೆಳು ಪೊರೆ ತೇಲುತ್ತದೆ. ಪೆಟ್ರೋಲ್ ಬೇಗನೆ ಆರಿಹೋಗುತ್ತದೆ. ಔಷಧಿಯ ಕಲೆ ದಿನಗಟ್ಟಲೆ ಅಂಟಾಗಿ ಉಳಿಯುತ್ತದೆ.

ಔಷಧಿ ಎಂದು ಖಚಿತವಾದರೆ ಅದನ್ನು ಪೆಟ್ರೋಲ್‌ಗಿಂತ ಹೆಚ್ಚಿನ ಎಚ್ಚರಿಕೆಯಿಂದ ಕಾಣಬೇಕು. ಸೀಟಿಗೆ ಹರಡಿದ ಔಷಧಿಯು ಬಟ್ಟೆಯ ಮೂಲಕ ಚರ್ಮವನ್ನು ಸೇರುತ್ತದೆ. ಅದೇ ಸೀಟಿನ ಮೇಲೆ ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತೇವೆ. ಕೈಗವಸು ಧರಿಸಿ ಸಾಬೂನಿನಿಂದ ಎರಡು ಮೂರು ಬಾರಿ ತೊಳೆಯಿರಿ. ತೊಳೆದ ನೀರು ನಾಲೆ, ಕೆರೆ, ಬಾವಿ ಅಥವಾ ಜಾನುವಾರು ನೀರು ಕುಡಿಯುವ ತೊಟ್ಟಿಗೆ ಸೇರಬಾರದು. ಸೀಟಿನ ಒಳಗಿನ ಸ್ಪಂಜು ಹೀರಿಕೊಂಡಿದ್ದರೆ ಅದನ್ನು ಬದಲಿಸುವುದೇ ಸೂಕ್ತ. ವಾಕರಿಕೆ, ಅತಿಯಾದ ಬೆವರು, ತಲೆಸುತ್ತು, ಮಂಜಾದ ದೃಷ್ಟಿ ಕಂಡುಬಂದಲ್ಲಿ ಔಷಧಿಯ ಲೇಬಲ್ ಸಹಿತ ಕೂಡಲೇ ಆಸ್ಪತ್ರೆಗೆ ತೆರಳಬೇಕು.

ಕೀಟನಾಶಕವನ್ನು ಆಹಾರ, ಪಶು ಆಹಾರ ಮತ್ತು ಹಾಲಿನೊಂದಿಗೆ ಒಂದೇ ಬಾರಿ ಸಾಗಿಸಬಾರದು. ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಪೆಟ್ರೋಲ್ ಸೋರುವ ವಾಹನದಲ್ಲಿ ಸಡಿಲ ಮುಚ್ಚಳದ ಕ್ಯಾನ್ ಒಯ್ದರೆ ಹಾಲಿನ ಗುಣಮಟ್ಟ ಕೆಡುತ್ತದೆ. ಪೆಟ್ರೋಲ್ ಚಾಲಿತ ಪವರ್ ಸ್ಪ್ರೇಯರ್ ಅಥವಾ ಕಳೆ ಕತ್ತರಿಸುವ ಯಂತ್ರವನ್ನು ವಾಹನದ ಮೇಲೆ ಅಡ್ಡಲಾಗಿ ಕಟ್ಟಿ ಒಯ್ಯುವಾಗ ಅದರ ಟ್ಯಾಂಕಿನಿಂದಲೂ ಸೋರಿರಬಹುದು. ಸಾಗಿಸುವ ಮುನ್ನ ಅದರ ಟ್ಯಾಂಕನ್ನು ಖಾಲಿ ಮಾಡಿರಿ.

ಎಥನಾಲ್ ಬೆರೆತ ಪೆಟ್ರೋಲ್ ಮತ್ತು ಹಳೆಯ ರಬ್ಬರ್ ಭಾಗಗಳು

ಶೇ. 20 ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್‌ನ ಮಾರಾಟಕ್ಕೆ 2023 ರ ಫೆಬ್ರುವರಿ 6 ರಂದು ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. ಇಂದು ಬಂಕ್‌ಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಅದೇ. ಕಬ್ಬು, ಮೆಕ್ಕೆಜೋಳ ಮತ್ತು ಅಕ್ಕಿಯಿಂದ ಎಥನಾಲ್ ತಯಾರಾಗುವುದರಿಂದ ರೈತರಿಗೆ ಇದರಲ್ಲಿ ಲಾಭವೂ ಇದೆ. ಆದರೆ ಹಳೆಯ ವಾಹನಗಳ ಕೆಲವು ಬಗೆಯ ರಬ್ಬರ್ ವಾಷರ್ ಮತ್ತು ಪೈಪ್‌ಗಳು ಎಥನಾಲ್‌ನಿಂದ ಬೇಗ ಉಬ್ಬಬಹುದು ಅಥವಾ ಬಿರುಕು ಬಿಡಬಹುದು. ಎಥನಾಲ್ ನೀರನ್ನೂ ಸೆಳೆದುಕೊಳ್ಳುತ್ತದೆ. ಹಾಗಾಗಿ ತಿಂಗಳುಗಟ್ಟಲೆ ನಿಲ್ಲಿಸುವ ವಾಹನ ಮತ್ತು ಸ್ಪ್ರೇಯರ್‌ಗಳಲ್ಲಿ ಪೆಟ್ರೋಲ್ ಉಳಿಸಬಾರದು. ಟ್ಯಾಂಕ್ ಮತ್ತು ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿಡಬೇಕು. ರಬ್ಬರ್ ಭಾಗ ಬದಲಿಸುವಾಗ ಎಥನಾಲ್ ಪೆಟ್ರೋಲ್‌ಗೆ ಹೊಂದುವ ಭಾಗವನ್ನೇ ಕೇಳಿ ಪಡೆಯಿರಿ.

ಮನೆಯಲ್ಲಿ ಪೆಟ್ರೋಲ್ ಸಂಗ್ರಹ

ಸ್ಪ್ರೇಯರ್‌ಗೆಂದು ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ತಂದು ಕೊಟ್ಟಿಗೆಯ ಮೂಲೆಯಲ್ಲಿ ಇಡುವ ರೂಢಿ ವ್ಯಾಪಕವಾಗಿದೆ. ವಾಹನದ ವಾಸನೆಯೆಂದು ಹುಡುಕುತ್ತಿದ್ದವರಿಗೆ ಇಂತಹ ಬಾಟಲಿಯೇ ಮೂಲವಾಗಿರಲೂ ಸಾಕು. 1934 ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟದ ಉದ್ದೇಶವಿಲ್ಲದೆ ಒಟ್ಟು 30 ಲೀಟರ್‌ವರೆಗೆ ಪೆಟ್ರೋಲ್ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. ಆದರೆ ಅದನ್ನು ಬಿಗಿ ಮುಚ್ಚಳದ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಯಲ್ಲಿಯೇ ಇಡಬೇಕು. ಗಾಜು ಅಥವಾ ಪಿಂಗಾಣಿಯದಾದರೆ ಒಂದು ಲೀಟರ್, ಲೋಹದ್ದಾದರೆ 25 ಲೀಟರ್ ಮೀರಬಾರದು. ಪ್ಲಾಸ್ಟಿಕ್ ನೀರಿನ ಬಾಟಲಿಗೆ ಇದರಲ್ಲಿ ಅವಕಾಶವಿಲ್ಲ. ಮಕ್ಕಳು ನೀರೆಂದು ಕುಡಿಯುವ ಅಪಾಯವೂ ಇಂತಹ ಬಾಟಲಿಗಳಿಂದಲೇ. ಅಗತ್ಯವಿರುವಷ್ಟನ್ನು ಮಾತ್ರ ತಂದು ಅಂದೇ ಬಳಸುವುದು ಉತ್ತಮ.

ಮಾಡಲೇಬಾರದ ಕೆಲಸಗಳು

• ಪೆಟ್ರೋಲ್ ತೆಗೆಯಲು ಪೈಪನ್ನು ಬಾಯಿಂದ ಎಳೆಯಬಾರದು. ನುಂಗಿದ ಪೆಟ್ರೋಲ್‌ಗಿಂತ ಶ್ವಾಸಕೋಶಕ್ಕೆ ಇಳಿದ ಪೆಟ್ರೋಲ್ ಹೆಚ್ಚು ಅಪಾಯಕಾರಿ. ನುಂಗಿದವರಿಗೆ ವಾಂತಿ ಮಾಡಿಸಬಾರದು. 108 ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು.
• ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಬಾರದು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಹೆಚ್ಚು ಅಪಾಯಕಾರಿ. ಅದರ ತುಂಬ ಗಾಳಿ ಬೆರೆತ ಆವಿ ಇರುತ್ತದೆ. ಆವಿ ಹೊರಹಾಕುವ ಕ್ರಮ ತಿಳಿದ ಅನುಭವಿಗಳಲ್ಲಿ ಮಾತ್ರ ಈ ಕೆಲಸ ಮಾಡಿಸಿರಿ.
• ಪೆಟ್ರೋಲ್ ಒರೆಸಿದ ಬಟ್ಟೆಯನ್ನು ಒಲೆಗೆ ಹಾಕಬಾರದು. ಬಯಲಿನಲ್ಲಿ ಹರಡಿ ಆರಲು ಬಿಡಿರಿ.
• ವಾಸನೆ ತುಂಬಿದ ಕೊಠಡಿಯಲ್ಲಿ ವಿದ್ಯುತ್ ಸ್ವಿಚ್ ಮುಟ್ಟಬಾರದು. ಮೊದಲು ಬಾಗಿಲು ತೆರೆದು ಗಾಳಿಯಾಡಲು ಬಿಡಿರಿ, ನಂತರ ವಾಹನವನ್ನು ತಳ್ಳಿಕೊಂಡು ಹೊರಗೆ ತನ್ನಿರಿ. ಒಳಗೆ ಚಾಲೂ ಮಾಡಬೇಡಿರಿ.
• ಬೆಂಕಿ ಹೊತ್ತಿಕೊಂಡಲ್ಲಿ ಮರಳು, ಪುಡಿಮಣ್ಣು ಬಳಸಿರಿ. ಕೈಮೀರಿದರೆ ದೂರ ಸರಿದು 112 ಕ್ಕೆ ಕರೆ ಮಾಡಿರಿ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಮುಂಗಾರು ಪೂರ್ವ ತರಬೇತಿಗಳಲ್ಲಿ ಸ್ಪ್ರೇಯರ್ ನಿರ್ವಹಣೆಯ ಜೊತೆಗೆ ಕಾಕ್ ಪರೀಕ್ಷೆ ಮತ್ತು ಆಯಿಲ್ ಕಡ್ಡಿಯ ಪರೀಕ್ಷೆಯನ್ನು ಪ್ರಾತ್ಯಕ್ಷಿಕೆಯಾಗಿ ತೋರಿಸಬಹುದು. ಎರಡಕ್ಕೂ ಹತ್ತು ನಿಮಿಷ ಸಾಕು. ಹೊಗೆಸೊಪ್ಪು ಬೆಳೆಗಾರರ ಸಭೆಗಳಲ್ಲಿ ಬ್ಯಾರನ್‌ಗೆ ಬೆಂಕಿ ಹಾಕುವ ಮುನ್ನವೇ ವಾಹನ ನಿಲ್ಲಿಸುವ ಸ್ಥಳವನ್ನು ಬದಲಿಸುವಂತೆ ತಿಳಿಸಬೇಕು. ತಮ್ಮ ಸ್ವಂತ ವಾಹನದಿಂದಲೇ ಪರೀಕ್ಷೆಯನ್ನು ಆರಂಭಿಸಿದರೆ ರೈತರಿಗೆ ಹೆಚ್ಚು ಮನದಟ್ಟಾಗುತ್ತದೆ.

ನೆನಪಿಡಬೇಕಾದ ಅಂಶಗಳು

1. ರಾತ್ರಿ ವಾಹನ ನಿಲ್ಲಿಸಿದಾಗ ಕಾಕ್ ಆಫ್ ಮಾಡಿರಿ.
2. ಭಾಗ ಬದಲಿಸುವ ಮೊದಲು ವಾಸನೆ ಬರುವ ಸಮಯವನ್ನು ಗುರುತಿಸಿರಿ.
3. ಹನಿ ಕಾಣದಿದ್ದರೆ ಎಂಜಿನ್ ಆಯಿಲ್‌ನ ಮಟ್ಟ ಮತ್ತು ವಾಸನೆ ನೋಡಿರಿ. ಪೆಟ್ರೋಲ್ ಬೆರೆತಿದ್ದರೆ ಎಂಜಿನ್ ಚಾಲೂ ಮಾಡಬೇಡಿರಿ.
4. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ ಪೈಪ್, ವಾಷರ್ ಮತ್ತು ಓವರ್‌ಫ್ಲೋ ಪೈಪಿನ ತುದಿಯನ್ನು ಪರಿಶೀಲಿಸಿರಿ.
5. ಸೈಡ್ ಬಾಕ್ಸ್‌ನಲ್ಲಿ ಔಷಧಿ ಸೋರಿಲ್ಲವೆಂದು ಖಚಿತಪಡಿಸಿಕೊಳ್ಳಿರಿ.
6. ಮೂಲ ಸಿಗುವವರೆಗೆ ವಾಹನವು ಬ್ಯಾರನ್, ಒಲೆ ಮತ್ತು ಹುಲ್ಲಿನ ಮೆದೆಯಿಂದ ದೂರವಿರಲಿ.